ತಂಗಿಯ ಪಿಸ್ತೂಲು

ತಂಗಿ ಹುಳಿಗೆ ಒಗ್ಗರಣೆ ಹಾಕಿ ಮುಚ್ಚಿಟ್ಟಳು. ಕೈ ತೊಳೆದು ಒರೆಸಿಕೊಂಡು ಮಲಗುವ ಕೋಣೆಗೆ ಹೋದವಳು, ಗೋಡೆಗೆ ಬಿಗಿದಿದ್ದ ಉಕ್ಕಿನ ಪೆಟ್ಟಿಗೆಯ ಬೀಗ ತೆಗೆದು ಒಂದು ಪಿಸ್ತೂಲನ್ನು ಹೊರಗೆ ತಂದಳು. "ನಾಳೆ ಭಾನುವಾರ ಸ್ಪರ್ಧೆ ಇದೆ ಅಕ್ಕ, ನೀನೂ ಬಾ" ಎಂದಳು. ಪಕ್ಕದ ಬೀದಿಯಲ್ಲಿ ದಸರಾ ಬೊಂಬೆ ಕೂರಿಸಿದ್ದಾರೆ, ನೋಡಿ ಬರೋಣ ಎನ್ನುವ ಧಾಟಿಯಲ್ಲಿ ಹೇಳಿದಳು. ನಾನು ಕೊತ್ತಂಬರಿ ಸೊಪ್ಪು ಬಿಡಿಸುತ್ತ ಕೂತಿದ್ದೆ. ಸೊಪ್ಪು ಕೈಯಲ್ಲೇ ಉಳಿಯಿತು.

ಇದು 2023ರ ಮೇ ತಿಂಗಳ ಮಾತು. ಬೇಸಿಗೆ ರಜೆಯಲ್ಲಿ ನಾನು ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಎಂಬ ಊರಿಗೆ ತಂಗಿಯ ಮನೆಗೆ ಹೋಗಿದ್ದೆ. ಅವಳು ಮದುವೆಯಾಗಿ ಆ ದೇಶ ಸೇರಿ ಇಪ್ಪತ್ತೈದು ವರ್ಷ. ಈಗ ಅಲ್ಲಿಯ ಪ್ರಜೆ. ಒಂದು ಆಸ್ಪತ್ರೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ನಲವತ್ತೈದು ದಾಟಿದ ಹೆಂಗಸರು ನಮ್ಮಲ್ಲಿ ಯೋಗಕ್ಕೋ ಭಜನಾ ಮಂಡಳಿಗೋ ಸೇರುತ್ತಾರೆ. ಇವಳು ಆಫೀಸಿನ ಗೆಳತಿಯೊಬ್ಬಳ ಜೊತೆಗೆ ಪಿಸ್ತೂಲಿನ ಕ್ಲಬ್ಬಿಗೆ ಸೇರಿದ್ದಳು. ಊರಿಗೆ ಫೋನು ಮಾಡಿದಾಗೆಲ್ಲ ಉಪ್ಪಿನಕಾಯಿಯ ವಿಷಯ ಹೇಳಿದ್ದಾಳೆ, ಮಗಳ ಪಿಟೀಲು ಪಾಠದ ವಿಷಯ ಹೇಳಿದ್ದಾಳೆ, ಇದೊಂದನ್ನು ಮಾತ್ರ ಹೇಳಿರಲಿಲ್ಲ.

ಹಾಗೆಂದು ನಾನು ಕೋವಿ ಕಾಣದವಳೇನಲ್ಲ. ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಜಗಲಿಯ ಗೋಡೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿಯೊಂದು ತೂಗುತ್ತಿತ್ತು. ಮಂಗನ ಕಾಟ ಜೋರಾದಾಗ ಅಪ್ಪ ಅದರಲ್ಲಿ ಒಂದು ಈಡು ಹೊಡೆಯುತ್ತಿದ್ದರು; ಮಂಗಗಳು ಪಕ್ಕದ ತೋಟಕ್ಕೆ ಹೋಗುತ್ತಿದ್ದವು, ಪಕ್ಕದ ತೋಟದವರು ಹೊಡೆದಾಗ ಮರಳಿ ನಮ್ಮಲ್ಲಿಗೆ. ಚುನಾವಣೆ ಘೋಷಣೆಯಾದರೆ ಲೈಸೆನ್ಸು ಇದ್ದವರೆಲ್ಲ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ರಸೀತಿ ತರಬೇಕು. ಆ ತಿಂಗಳು ಮಂಗಗಳಿಗೆ ಸುಗ್ಗಿ. ಇನ್ನು ಕೊಡಗಿನ ಗೆಳತಿಯರು ನನ್ನ ಗಾಬರಿ ಕಂಡು ನಗಬಹುದು. ಕೈಲ್ ಮುಹೂರ್ತದಂದು ಕೋವಿಗೆ ಹೂ ಮುಡಿಸಿ ಪೂಜಿಸುವ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲಿ ಹೆಂಗಸರೂ ನಿಲ್ಲುವ ನಾಡು ಅವರದು. ಆದರೆ ಕೋವಿ ಬೇರೆ, ಪಿಸ್ತೂಲು ಬೇರೆ. ಕೋವಿ ಮಂಗಕ್ಕೆ, ಹಂದಿಗೆ. ಪಿಸ್ತೂಲು ಯಾರಿಗೆ ಎಂಬ ಪ್ರಶ್ನೆಗೆ ಉತ್ತರ ನಮಗೆ ಸಿನಿಮಾ ನೋಡಿಯೇ ಗೊತ್ತು.

ತಂಗಿಯ ಆಟದ ಹೆಸರು ಪ್ರಾಕ್ಟಿಕಲ್ ಶೂಟಿಂಗ್. ನಮ್ಮ ಮನು ಭಾಕರ್ 2024ರಲ್ಲಿ ಪ್ಯಾರಿಸ್ಸಿನ ಒಲಿಂಪಿಕ್ಸಿನಲ್ಲಿ ಎರಡು ಕಂಚಿನ ಪದಕ ಗೆದ್ದದ್ದನ್ನು ಟಿವಿಯಲ್ಲಿ ನೋಡಿದ್ದೀರಿ. ಒಂದು ಕೈ ಚಾಚಿ, ಬೇಲೂರಿನ ಶಿಲಾಬಾಲಿಕೆಯಂತೆ ಅಲುಗದೆ ನಿಂತು, ಹತ್ತು ಮೀಟರ್ ಆಚೆಯ ಚುಕ್ಕೆಗೆ ಗುರಿಯಿಡುವ ಆಟ ಅದು. ತಂಗಿಯದು ಅದಕ್ಕೆ ತೀರ ವಿರುದ್ಧ. ಇಲ್ಲಿ ಓಡಬೇಕು, ಬಗ್ಗಬೇಕು, ಕಿಟಕಿಯಲ್ಲಿ ಇಣುಕಬೇಕು, ನಡುವೆ ಮ್ಯಾಗಜೀನು ಬದಲಿಸಬೇಕು (ನಾವು ಓದುವ ಮ್ಯಾಗಜೀನಲ್ಲ), ಹತ್ತಿಪ್ಪತ್ತು ಗುರಿಗಳಿಗೆ ಹೊಡೆಯಬೇಕು. ಅಷ್ಟನ್ನೂ ಗಡಿಯಾರ ನೋಡುತ್ತಿರುತ್ತದೆ.

ಬಿಎಯಲ್ಲಿ ನಾನು ಓದಿದ್ದು ಇತಿಹಾಸ. ಯಾವುದಾದರೂ ಅರ್ಥವಾಗದಿದ್ದರೆ ಅದು ಎಲ್ಲಿಂದ ಬಂತೆಂದು ಹುಡುಕುವುದು ನನ್ನ ಅಭ್ಯಾಸ. ಅವತ್ತು ರಾತ್ರಿಯೇ ತಂಗಿಯ ಕಪಾಟಿನಲ್ಲಿದ್ದ ಪುಸ್ತಕಗಳನ್ನು ತಿರುವಿದೆ. ಮೊದಲ ಆಶ್ಚರ್ಯ ಏನೆಂದರೆ, ಈ ಆಟವನ್ನು ಕಟ್ಟಿದ ಜೆಫ್ ಕೂಪರ್ ಎಂಬಾತ ಇತಿಹಾಸದ ಮೇಷ್ಟರು! 1920ರಲ್ಲಿ ಹುಟ್ಟಿದವನು, ಅಮೆರಿಕದ ನೌಕಾ ಪದಾತಿದಳದಲ್ಲಿ ಅಧಿಕಾರಿಯಾಗಿದ್ದವನು, ಇತಿಹಾಸದಲ್ಲಿ ಎಂಎ ಮಾಡಿದವನು, 1950ರ ದಶಕದ ಕೊನೆಯಿಂದ ಹಲವು ವರ್ಷ ಹೈಸ್ಕೂಲು ಕಾಲೇಜುಗಳಲ್ಲಿ ಅರೆಕಾಲಿಕವಾಗಿ ಪಾಠ ಹೇಳಿದವನು. ಕ್ಯಾಲಿಫೋರ್ನಿಯಾದ ಗುಡ್ಡಗಾಡಿನ ಬಿಗ್ ಬೇರ್ ಎಂಬಲ್ಲಿ ಮನೆ ಮಾಡಿಕೊಂಡಿದ್ದ. ಅಲ್ಲಿ ಕೆಲವು ಗೆಳೆಯರನ್ನು ಸೇರಿಸಿ ಸೊಂಟದ ಚರ್ಮದ ಚೀಲದಿಂದ ಪಿಸ್ತೂಲು ಸೆಳೆದು ಯಾರು ಬೇಗ ಹೊಡೆಯುತ್ತಾರೆ ಎಂಬ ಪಂದ್ಯ ಶುರುಮಾಡಿದ.

ಆ ಕಾಲದಲ್ಲಿ ಎಲ್ಲರೂ ಕೌಬಾಯ್ ಸಿನಿಮಾದಂತೆ ಒಂದೇ ಕೈಯಲ್ಲಿ, ಸೊಂಟದ ಮಟ್ಟದಿಂದಲೇ ಹೊಡೆಯುತ್ತಿದ್ದರು. ಗುಂಡು ಬೇಗ ಹೊರಡುತ್ತಿತ್ತು, ಗುರಿ ಮುಟ್ಟುತ್ತಿರಲಿಲ್ಲ. ಜ್ಯಾಕ್ ವೀವರ್ ಎಂಬ ಪೊಲೀಸಿನವನೊಬ್ಬ ಪಿಸ್ತೂಲನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣಿನ ಮಟ್ಟಕ್ಕೆ ಎತ್ತಿ, ನೋಡಿ ಹೊಡೆದ. ಅದಕ್ಕೆ ಒಂದರೆಗಳಿಗೆ ಹೆಚ್ಚು ಬೇಕು. ಆದರೆ ತಪ್ಪಿದ ಗುಂಡಿಗೆ ವೇಗ ಎಷ್ಟಿದ್ದರೇನು? 1959ರಲ್ಲಿ ಅವನೇ ಗೆದ್ದ. ನಿಧಾನವಾಗಿ ಎಲ್ಲರೂ ಎರಡು ಕೈ ಹಿಡಿದರು. ಇಂದು ಸಿನಿಮಾದ ಪೊಲೀಸರೆಲ್ಲ ಎರಡು ಕೈಯಲ್ಲಿ ಪಿಸ್ತೂಲು ಹಿಡಿದು ಬಾಗಿಲು ಒದೆಯುತ್ತಾರಲ್ಲ, ಅದರ ಮೂಲ ಈ ಹಳ್ಳಿ ಪಂದ್ಯ. ವೀವರ್‌ಗೆ ಅದೊಂದು ಸಂಶೋಧನೆ ಎನಿಸಿತ್ತೋ ಇಲ್ಲವೋ. ಒನಕೆ ಹಿಡಿದ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು.

1975ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಮೊದಲ ವಿಶ್ವ ಸ್ಪರ್ಧೆ ನಡೆಯಿತು. ಗೆದ್ದವನು ಅಮೆರಿಕದ ರೇ ಚಾಪ್ಮನ್. ಮರುವರ್ಷ, 1976ರ ಮೇ ತಿಂಗಳಲ್ಲಿ, ಹಲವು ದೇಶಗಳವರು ಸಭೆ ಸೇರಿ ಅಂತರರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿ ಕೂಪರ್‌ನನ್ನು ಅಧ್ಯಕ್ಷನನ್ನಾಗಿ ಆರಿಸಿದರು. ಆ ಸಭೆ ಸೇರಿದ್ದು ಎಲ್ಲಿ ಗೊತ್ತೇ? ತಂಗಿ ಹುಳಿ ಕುದಿಸುತ್ತಿದ್ದ ಇದೇ ಕೊಲಂಬಿಯಾ ಊರಿನಲ್ಲಿ. ನಿಖರತೆ, ಬಲ, ವೇಗ ಎಂಬರ್ಥದ ಮೂರು ಲ್ಯಾಟಿನ್ ಪದಗಳನ್ನು ಧ್ಯೇಯವಾಕ್ಯವಾಗಿ ಇಟ್ಟುಕೊಂಡರು. 1979ರಿಂದ ಈ ಊರಿನಲ್ಲೇ ಬಿಯಾಂಕಿ ಕಪ್ ಎಂಬ ದೊಡ್ಡ ಸ್ಪರ್ಧೆಯೂ ನಡೆಯತೊಡಗಿತು. ಇಷ್ಟು ಇತಿಹಾಸವಿರುವ ಊರಿಗೆ ನಾನು ಬಂದು ಹದಿನೈದು ದಿನವಾಗಿತ್ತು. ನನಗೆ ತೋರಿಸಿದ್ದು ದೇವಸ್ಥಾನ ಮತ್ತು ಮೂರು ಮಾಲುಗಳು.

ಭಾನುವಾರ ಬೆಳಿಗ್ಗೆ ಹೋದೆವು. ಊರಾಚೆ ಬಯಲು, ಮೂರು ಕಡೆ ಎತ್ತರವಾಗಿ ಮಣ್ಣಿನ ದಿಬ್ಬ ಹಾಕಿದ ಅಂಗಳಗಳು. ನನಗೂ ಕನ್ನಡಕ ಕೊಟ್ಟರು, ಕಿವಿಗೆ ಮುಚ್ಚಳ ಕೊಟ್ಟರು. ಮೂವತ್ತು ಜನ ಇದ್ದಿರಬೇಕು. ಐದಾರು ಹೆಂಗಸರು, ಒಬ್ಬಾಕೆ ನನಗಿಂತ ಹಿರಿಯಳು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದಳು. ಹೆಂಗಸರಿಗೆಂದು ಗುರಿಯನ್ನು ಹತ್ತಿರ ಇಡುವುದಿಲ್ಲ, ಗುಂಡು ಕಡಿಮೆ ಮಾಡುವುದಿಲ್ಲ. ಅದೇ ಅಂಗಳ, ಅದೇ ಗಡಿಯಾರ. ಗಂಡಸರ ಹೆಸರಿನ ನಡುವೆಯೇ ಇವರ ಹೆಸರೂ ಪಟ್ಟಿಯಲ್ಲಿ ಬರುತ್ತದೆ. ಇದು ನನಗೆ ಹಿಡಿಸಿತು, ಹಿಡಿಸಬಾರದೆಂದು ನಿಶ್ಚಯಿಸಿಕೊಂಡು ಹೋಗಿದ್ದರೂ.

ಲೆಕ್ಕವೂ ಸರಳವಾಗಿದೆ. ರಟ್ಟಿನ ಗುರಿಯ ನಡುಭಾಗಕ್ಕೆ ಬಿದ್ದರೆ ಐದು ಅಂಕ, ಅದರ ಸುತ್ತ ಮೂರು, ಅಂಚಿಗೆ ಒಂದು. ತಪ್ಪಿದರೆ ಹತ್ತು ಕಳೆ. ಬಂದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುವುದು. ತಂಗಿ ಒಂದು ಅಂಗಳದಲ್ಲಿ 110 ಅಂಕವನ್ನು 40 ಸೆಕೆಂಡಿನಲ್ಲಿ ಪಡೆದಳು: 2.75. ಅವಳ ಹಿಂದೆ ಬಂದ ಹುಡುಗ ಅವಸರದಲ್ಲಿ 100 ಅಂಕವನ್ನೇ ಗಳಿಸಿದ, ಆದರೆ 20 ಸೆಕೆಂಡಿನಲ್ಲಿ: 5. ಅವಸರಕ್ಕೂ ಎಚ್ಚರಕ್ಕೂ ಹೀಗೆ ಭಾಗಾಕಾರದ ಸಂಬಂಧ ಕಲ್ಪಿಸಿದವನು ಮೇಷ್ಟರ ಜಾತಿಯವನೇ ಇರಬೇಕು ಅಂದುಕೊಂಡೆ. ಕೆಲವು ಗುರಿಗಳಿಗೆ ಬಿಳಿ ಬಣ್ಣ ಬಳಿದಿರುತ್ತದೆ. ಅವಕ್ಕೆ ಹೊಡೆಯಬಾರದು, ಹೊಡೆದರೆ ಹತ್ತು ಅಂಕ ಹೋಯಿತು. ಅವು ನಿರಪರಾಧಿಗಳಂತೆ.

ಗುರಿಗಳ ಆಕಾರ ನೋಡಿ ಮಾತ್ರ ಮನಸ್ಸು ಹಿಂಜರಿಯಿತು. ಭುಜ, ಭುಜದ ಮೇಲೆ ಚಿಕ್ಕ ಚೌಕದ ತಲೆ. ಕೂಪರ್‌ಗೆ ಇದು ಆಟವಾಗಿರಲಿಲ್ಲ. ಮನುಷ್ಯ ತನ್ನನ್ನು ಕಾಪಾಡಿಕೊಳ್ಳುವ ವಿದ್ಯೆಯಾಗಿತ್ತು. ಬರಬರುತ್ತ ಜನ ಅದನ್ನು ಬರೀ ಆಟ ಮಾಡಿಕೊಂಡರೆಂದು ಅವನು ಬೇಸರಪಟ್ಟ. ಅಂತರರಾಷ್ಟ್ರೀಯ ಪಂದ್ಯಗಳಿಗೆ ಆಮೇಲೆ ತಲೆಯಿಲ್ಲದ, ಆಮೆಯ ಚಿಪ್ಪಿನಂಥ ಗುರಿಯೂ ಬಂತು, ಮನುಷ್ಯನಂತೆ ಕಾಣಬಾರದೆಂದು. ತಂಗಿಯ ಕ್ಲಬ್ಬಿನಲ್ಲಿ ಅವತ್ತು ತಲೆ ಇತ್ತು.

ಆದರೆ ಅಲ್ಲಿಯ ಶಿಸ್ತು! ಮೂವತ್ತು ವರ್ಷ ಪಾಠ ಹೇಳಿದವಳು ನಾನು, ಅಂಥ ಶಿಸ್ತನ್ನು ಒಂದು ತರಗತಿಯಲ್ಲೂ ಕಂಡಿಲ್ಲ. ಅಂಗಳಕ್ಕೆ ಇಳಿಯುವ ತನಕ ಯಾರ ಪಿಸ್ತೂಲಿನಲ್ಲೂ ಗುಂಡು ಇರುವ ಹಾಗಿಲ್ಲ. ಅಧಿಕಾರಿ ಹೇಳಿದ ಮೇಲೇ ತುಂಬಬೇಕು. ಓಡುವಾಗ ಬೆರಳು ಟ್ರಿಗರಿನ ಹೊರಗಿರಬೇಕು. ನಳಿಗೆ ಸದಾ ಮುಂದಿನ ದಿಬ್ಬದ ಕಡೆಗೇ. ಪಕ್ಕದ ಗೆರೆ ದಾಟಿ ಹಿಂದಕ್ಕೆ ತಿರುಗಿದರೆ ಆ ದಿನಕ್ಕೆ ಹೊರಗೆ. ಮುಗಿದ ಮೇಲೆ ಗುಂಡು ತೆಗೆದು, ಪಿಸ್ತೂಲಿನ ಹೊಟ್ಟೆ ತೆರೆದು, ಖಾಲಿ ಎಂದು ಅಧಿಕಾರಿಗೆ ತೋರಿಸಬೇಕು. ಎಲ್ಲ ಬಂದೂಕೂ ತುಂಬಿಯೇ ಇದೆ ಎಂದು ತಿಳಿ ಎಂಬುದು ಕೂಪರ್ ಬರೆದಿಟ್ಟ ಮೊದಲ ನಿಯಮ. ಆರಡಿಯ ಆಳು ಒಬ್ಬ, ಬಾಗಿಲಿನ ಬಳಿ ಹೊರಳುವಾಗ ನಳಿಗೆಯನ್ನು ಒಂದು ಗೇಣು ಹೆಚ್ಚು ತಿರುಗಿಸಿದ. ಅಧಿಕಾರಿ "ಸ್ಟಾಪ್" ಎಂದ. ಆಳು ವಾದಿಸಲಿಲ್ಲ, ಖಾಲಿ ಮಾಡಿ ತೋರಿಸಿದ, ಕೈ ಕುಲುಕಿದ, ಚೀಲ ಎತ್ತಿಕೊಂಡು ಹೋದ. ಮೂರು ಗಂಟೆ ಕಾರು ಓಡಿಸಿಕೊಂಡು ಬಂದಿದ್ದನಂತೆ.

ನಾನು ಸುಮ್ಮನೆ ನಿಲ್ಲಲಾರದೆ ಎಲ್ಲರ ಜೊತೆ ಸೇರಿ ಗುರಿಯ ತೂತುಗಳಿಗೆ ಕಂದು ಕಾಗದದ ಚೂರು ಅಂಟಿಸತೊಡಗಿದೆ. ಒಬ್ಬರು ಹೊಡೆದ ಮೇಲೆ ಉಳಿದವರೆಲ್ಲ ಹೋಗಿ ತೇಪೆ ಹಾಕುವುದು ಅಲ್ಲಿಯ ಪದ್ಧತಿ. ನನ್ನ ಪಕ್ಕ ತೇಪೆ ಹಾಕುತ್ತಿದ್ದವರು ಇಂಗ್ಲೆಂಡಿನಿಂದ ಬಂದು ನೆಲೆಸಿದ ಮುದುಕರು. ನಾನು ಶಾಲೆಯ ಟೀಚರ್ ಎಂದಾಗ ಅವರ ಕೈ ನಿಂತಿತು. "ನನ್ನ ಬಳಿ ಎರಡು ಪಿಸ್ತೂಲುಗಳಿದ್ದವು. 1997ರಲ್ಲಿ ಪೊಲೀಸರಿಗೆ ಕೊಟ್ಟೆ. ರಸೀತಿ ಇನ್ನೂ ಇದೆ" ಎಂದರು. ಏಕೆ ಎಂದು ನಾನು ಕೇಳಲಿಲ್ಲ. ಆ ಇಸವಿ ಕೇಳಿದೊಡನೆ ನನಗೆ ನೆನಪಾಗಿತ್ತು.

1996ರ ಮಾರ್ಚ್ 13, ಬುಧವಾರ. ಸ್ಕಾಟ್ಲೆಂಡಿನ ಡನ್‌ಬ್ಲೇನ್ ಎಂಬ ಸಣ್ಣ ಊರಿನ ಪ್ರಾಥಮಿಕ ಶಾಲೆ. ಒಂದನೆಯ ತರಗತಿಯ ಮಕ್ಕಳು ವ್ಯಾಯಾಮದ ಕೋಣೆಗೆ ಬಂದಿದ್ದರು. ಒಬ್ಬ ಮನುಷ್ಯ ನಾಲ್ಕು ಕೈಬಂದೂಕುಗಳನ್ನು ಹಿಡಿದು ಒಳಗೆ ಬಂದ. ಮೂರು ನಾಲ್ಕು ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಗುಂಡು ಹಾರಿಸಿದ. ಐದಾರು ವರ್ಷದ 16 ಮಕ್ಕಳು ಸತ್ತರು. ಅವರ ಟೀಚರ್ ಗ್ವೆನ್ ಮೇಯರ್ ಸತ್ತರು; ಆಕೆಗೆ 45 ವರ್ಷ. ವ್ಯಾಯಾಮದ ಶಿಕ್ಷಕಿಯೂ ಇನ್ನೊಬ್ಬ ಸಹಾಯಕಿಯೂ ಗುಂಡೇಟು ತಿಂದೇ ಕೆಲವು ಮಕ್ಕಳನ್ನು ಆಟದ ಸಾಮಾನು ಇಡುವ ಜಾಗಕ್ಕೆ ಸೇರಿಸಿಕೊಂಡರು. ಕೊನೆಗೆ ಅವನು ತನಗೇ ಹೊಡೆದುಕೊಂಡ. ಅವನ ಹೆಸರು ಇಲ್ಲಿ ಬೇಡ. ಮುಂದೆ ವಿಂಬಲ್ಡನ್ ಗೆದ್ದ ಆಂಡಿ ಮರ್ರೆ ಆಗ ಅದೇ ಶಾಲೆಯಲ್ಲಿ ಓದುತ್ತಿದ್ದ ಹುಡುಗ.

ಆಗ ನಾನು ಕೆಲಸಕ್ಕೆ ಸೇರಿದ ಹೊಸತು. ತಾಲ್ಲೂಕು ಕೇಂದ್ರದ ಶಾಲೆಯೊಂದರಲ್ಲಿ ಒಂದನೆಯ ತರಗತಿಯೇ ನನ್ನ ಪಾಲಿಗೆ ಬಂದಿತ್ತು. ಪತ್ರಿಕೆಯಲ್ಲಿ ಆ ತರಗತಿಯ ಗುಂಪು ಫೋಟೋ ಬಂತು; ನಡುವೆ ಟೀಚರು, ಸುತ್ತ ಮಕ್ಕಳು. ನಮ್ಮ ಶಾಲೆಯಲ್ಲೂ ಅದೇ ತಿಂಗಳು ಹಾಗೆಯೇ ಒಂದು ಫೋಟೋ ತೆಗೆಸಿದ್ದೆವು, ಬೆಂಚಿನ ಮೇಲೆ ನಿಂತವರು, ನೆಲದಲ್ಲಿ ಕೂತವರು, ಕಣ್ಣು ಮುಚ್ಚಿದವನೊಬ್ಬ. ಹಾಜರಿ ಕರೆಯುವಾಗ ಮಕ್ಕಳು "ಎಸ್ ಮಿಸ್" ಎನ್ನುತ್ತಾರಲ್ಲ, ಅವತ್ತು ಹದಿನಾರನೆಯ ಹೆಸರು ಕರೆದ ಮೇಲೆ ನನಗೆ ಮುಂದಿನದು ಕರೆಯಲು ಆಗಲಿಲ್ಲ. ಹೆಡ್ ಮೇಡಂ ಬಂದು ನೀರು ಕೊಟ್ಟರು.

ಆ ಕೊಲೆಗಾರನ ಬಂದೂಕುಗಳು ಕಳ್ಳಮಾಲಲ್ಲ. ಎಲ್ಲಕ್ಕೂ ಪರವಾನಗಿ ಇತ್ತು. ಗುರಿ ಅಭ್ಯಾಸದ ಕ್ಲಬ್ಬುಗಳಿಗೆ ಸೇರಿದ್ದ. ಹವ್ಯಾಸಕ್ಕೆ ಎಂದು ಹೇಳಿಯೇ ಪಡೆದದ್ದು. ಬ್ರಿಟನ್ನಿನ ಜನ ಕೇಳಿದ್ದು ಇಷ್ಟೇ: ಮನೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳುವುದಕ್ಕೆ ಆಟ ಒಂದು ಸಾಕಾದ ಕಾರಣವೇ? ಊರಿನ ಸುತ್ತಮುತ್ತಲ ತಾಯಂದಿರು ಸಹಿ ಸಂಗ್ರಹಕ್ಕೆ ನಿಂತರು. ಚಳಿಗಾಲ ಕಳೆಯುವ ಆ ಮಾರ್ಚಿನಲ್ಲಿ ಅಲ್ಲಿ ಅರಳುವ ಸ್ನೋಡ್ರಾಪ್ ಎಂಬ ಪುಟ್ಟ ಬಿಳಿ ಹೂವಿನ ಹೆಸರನ್ನೇ ಚಳವಳಿಗೆ ಇಟ್ಟರು. ಏಳು ಲಕ್ಷಕ್ಕೂ ಹೆಚ್ಚು ಸಹಿ ಬಂತು. ಲಾರ್ಡ್ ಕಲೆನ್ ಎಂಬ ನ್ಯಾಯಾಧೀಶರು ವಿಚಾರಣೆ ನಡೆಸಿ ಅದೇ ವರ್ಷ ಅಕ್ಟೋಬರಿನಲ್ಲಿ ವರದಿ ಕೊಟ್ಟರು. ಅವರು ಪೂರ್ತಿ ನಿಷೇಧ ಕೇಳಿರಲಿಲ್ಲ. ಸರ್ಕಾರ ಅವರಿಗಿಂತ ಮುಂದೆ ಹೋಯಿತು. 1997ರಲ್ಲಿ ಮೊದಲು ದೊಡ್ಡ ಗುಂಡಿನ ಪಿಸ್ತೂಲುಗಳು, ಮೇ ತಿಂಗಳಲ್ಲಿ ಸರ್ಕಾರ ಬದಲಾದ ಮೇಲೆ ಅದೇ ವರ್ಷದ ಕೊನೆಯೊಳಗೆ ಸಣ್ಣ ಗುಂಡಿನವೂ ನಿಷೇಧವಾದವು. ಒಂದೂವರೆ ಲಕ್ಷಕ್ಕೂ ಹೆಚ್ಚು ಕೈಬಂದೂಕುಗಳನ್ನು ಜನ ಠಾಣೆಗೆ ತಂದು ಕೊಟ್ಟು ಪರಿಹಾರ ಪಡೆದರು. ಉತ್ತರ ಐರ್ಲೆಂಡಿಗೆ ಈ ಕಾನೂನು ಅನ್ವಯಿಸಲಿಲ್ಲ. ಉಳಿದ ಕಡೆ ತಂಗಿಯ ಆಟ, ಪಿಸ್ತೂಲಿನ ಮಟ್ಟಿಗೆ, ಒಂದೇ ವರ್ಷದಲ್ಲಿ ಮುಗಿಯಿತು. ಪ್ರಾಕ್ಟಿಕಲ್ ಆಟದವರು ಉದ್ದ ಬಂದೂಕುಗಳಿಗೆ ತಿರುಗಿದರು. ಒಲಿಂಪಿಕ್ಸಿನ ಪಿಸ್ತೂಲುಗಾರರು ಅಭ್ಯಾಸಕ್ಕೆ ಬೇರೆ ದೇಶಗಳಿಗೆ ಹೋಗಬೇಕಾಯಿತು. 2012ರ ಲಂಡನ್ ಒಲಿಂಪಿಕ್ಸಿಗೆ ವಿಶೇಷ ಅನುಮತಿ ಕೊಟ್ಟೇ ಆ ಸ್ಪರ್ಧೆ ನಡೆಸಿದರು. 2014ರಲ್ಲಿ ಅದೇ ಸ್ಕಾಟ್ಲೆಂಡಿನ ನೆಲದಲ್ಲಿ, ಗ್ಲಾಸ್ಗೋ ಕಾಮನ್ವೆಲ್ತ್ ಕ್ರೀಡಾಕೂಟದಲ್ಲಿ, ಕೊಲ್ಹಾಪುರದ ರಾಹಿ ಸರ್ನೋಬತ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದಳು.

ನಾನು ಆ ಮುದುಕರನ್ನು ಕೇಳಿದ್ದು ಒಂದೇ ಪ್ರಶ್ನೆ: ಕೊಡುವಾಗ ಏನನ್ನಿಸಿತು? "ಸಿಟ್ಟು ಬಂದಿತ್ತು. ನಾನೇನು ಮಾಡಿದ್ದೆ ಎಂದು. ಆದರೆ ಆ ಮಕ್ಕಳ ಫೋಟೋ ಹೊರಗೆ ಗೋಡೆಯ ಮೇಲಿತ್ತು, ಅದರ ಎದುರಿಗೆ ನಿಂತು ಹಾಗೆ ಹೇಳಲು ಬಾಯಿ ಬರಲಿಲ್ಲ" ಎಂದರು. ಆಮೇಲೆ ತಮ್ಮ ಸರದಿ ಬಂತೆಂದು ಹೋಗಿ ಬಹಳ ಚೆನ್ನಾಗಿ ಹೊಡೆದರು.

ಮನೆಗೆ ಬಂದ ಮೇಲೆ ಅಕ್ಕ ತಂಗಿ ಜಗಳವಾಡಿದೆವು. ತಂಗಿ ಹೇಳಿದಳು, "ಅಕ್ಕ, ನಾನು ವಾರವಿಡೀ ಬೇರೆಯವರ ಬಿಲ್ಲು ನೋಡುತ್ತೇನೆ. ಆ ನಲವತ್ತು ಸೆಕೆಂಡು ನನ್ನ ತಲೆಯಲ್ಲಿ ಮನೆ ಇರುವುದಿಲ್ಲ, ಆಫೀಸು ಇರುವುದಿಲ್ಲ, ಸತ್ತ ಅಮ್ಮ ಇರುವುದಿಲ್ಲ. ಇದನ್ನು ಕಿತ್ತುಕೊಂಡರೆ ಯಾವ ಮಗು ಉಳಿಯುತ್ತದೆ?" ಅವಳ ಮಾತಿಗೆ ತಕ್ಷಣ ಉತ್ತರ ಬರಲಿಲ್ಲ. ಅವಳ ಕ್ಲಬ್ಬಿನಲ್ಲಿ ನಾನು ಕಂಡ ಮೂವತ್ತು ಜನರಲ್ಲಿ ಯಾರನ್ನೂ ನನ್ನ ತರಗತಿಗೆ ಬಿಡಲು ನನಗೆ ಭಯವಿಲ್ಲ. ಭಯ ಇರುವುದು ಮೂವತ್ತೊಂದನೆಯವನದು. ಅವನೂ ಅದೇ ಅರ್ಜಿ ತುಂಬುತ್ತಾನೆ, ಅದೇ ಕಾರಣ ಬರೆಯುತ್ತಾನೆ. ಬ್ರಿಟನ್ನಿನವರು ಉಳಿದವರ ಸಂತೋಷವನ್ನು ಅವನೊಬ್ಬನಿಗಾಗಿ ತೆತ್ತರು. ನನ್ನನ್ನು ಕೇಳಿದರೆ ಸರಿ ಮಾಡಿದರು. ಹೀಗೆಂದಾಗ ತಂಗಿ ತಟ್ಟೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. ಚುನಾವಣೆಗೆ ಕೋವಿ ಒಪ್ಪಿಸಿ ಬಂದ ದಿನ ಅಪ್ಪನೂ ಹೀಗೇ ಚೆಂಬು ಕುಕ್ಕುತ್ತಿದ್ದರು.

ಊಟಕ್ಕೆ ತಂಗಿಯ ಮಗಳು ಬಂದಳು. ಒಂಬತ್ತು ವರ್ಷ. ನಮ್ಮ ಮಾತು ಕಿವಿಗೆ ಬಿದ್ದಿತ್ತೋ ಏನೋ, ತಾನಾಗಿಯೇ ಹೇಳಿದಳು: "ದೊಡ್ಡಮ್ಮ, ನಮ್ಮ ಸ್ಕೂಲಲ್ಲಿ ಲಾಕ್‌ಡೌನ್ ಡ್ರಿಲ್ ಇರುತ್ತೆ. ಲೈಟ್ ಆರಿಸಿ ಎಲ್ಲರೂ ಮೂಲೆಯಲ್ಲಿ ಕೂರಬೇಕು. ಮಾತಾಡಬಾರದು. ನಾನು ಒಂದು ಸಲ ಸೀನಿಬಿಟ್ಟೆ. ಎಲ್ಲರೂ ನನ್ನನ್ನೇ ನೋಡಿದರು." ಹಿಂದಿನ ವರ್ಷವಷ್ಟೇ, 2022ರ ಮೇ 24ರಂದು, ಟೆಕ್ಸಾಸಿನ ಯುವಾಲ್ಡಿಯ ಶಾಲೆಯಲ್ಲಿ 19 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಸತ್ತಿದ್ದರು. ತಂಗಿ ಏನೂ ಹೇಳದೆ ಮಗಳ ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಬಡಿಸಿದಳು.

ರಾತ್ರಿ ಮಗು ಮಲಗಿದ ಮೇಲೆ ತಂಗಿ ಪಿಸ್ತೂಲನ್ನು ಒರೆಸಿ ಎಣ್ಣೆ ಹಾಕಿದಳು. ಗುಂಡಿನ ಡಬ್ಬಿ ಬೇರೆ ಕೋಣೆಯಲ್ಲಿ, ಬೇರೆ ಬೀಗದಲ್ಲಿ. ಪೆಟ್ಟಿಗೆಯೊಳಗೆ ಇಡುವ ಮುಂಚೆ ಹೊಟ್ಟೆ ತೆರೆದು ದೀಪದ ಕಡೆಗೆ ಹಿಡಿದು ನೋಡಿದಳು. ಆಮೇಲೆ ನಾನು ನಿಂತಲ್ಲಿಗೆ ಬಂದು, ನಳಿಗೆಯನ್ನು ನೆಲದ ಕಡೆಗೆ ಇಟ್ಟುಕೊಂಡು, "ನೀನೂ ನೋಡಕ್ಕ" ಎಂದಳು. ಕನ್ನಡಕ ಅಡಿಗೆಮನೆಯಲ್ಲಿತ್ತು. ಕಿರುಬೆರಳು ಹಾಕಿ ನೋಡಿದೆ. ತಣ್ಣಗಿತ್ತು, ಖಾಲಿ ಇತ್ತು. "ಖಾಲಿ" ಎಂದೆ. ಅವಳು ಒಳಗಿಟ್ಟು ಬೀಗ ಹಾಕಿದಳು, ಹಾಕಿದ ಮೇಲೆ ಒಂದು ಸಲ ಎಳೆದು ನೋಡಿದಳು.